ಕಾಪುವಿನ ಕಡಲ ಕರೆಯಲ್ಲಿ

ಕಾರ್ಕಳದ ಗೊಮ್ಮಟನ ಬೆಟ್ಟದ ಬುಡದಲ್ಲಿ ಬೆಳೆದ ಹುಡುಗರಿಗೆ ಕಲ್ಲಿನ ಪರಿಚಯವಿದ್ದಷ್ಟು ಕಡಲಿನ ಪರಿಚಯವಿರುವದಿಲ್ಲ. 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಆ ಮೂರ್ತಿಯ ವಿಚಾರವನ್ನು ನನ್ನ ಸೋದರಳಿಯನು ಒಂದೇ ಉಸಿರಿನಲ್ಲಿ ಹೇಳಬಲ್ಲನು. ಒಂದೇ ಹಗಲಿನಲ್ಲಿ ಹೋಗಿಬರಬಹುದಾದ ಸಮುದ್ರವನ್ನು ಅವನು ಕಂಡುದು ಎರಡೋ ಮೂರೋ ಸಲ. ಇಂಥವನು, ಒಂಬತ್ತನೆಯ ತರಗತಿಯಲ್ಲಿರುವಾಗ, ಮಣಿಪಾಲದಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಏರ್ಪಟ್ಟ ಸಮುದ್ರವಿಜ್ಞಾನದ ಪ್ರಶ್ನಸ್ಪರ್ಧೆಗೆ ಹೆಸರು ಕೊಟ್ಟುಬಿಟ್ಟನು. ಭಾವನವರಿಗೆ ಇದು ಹಿಡಿಸಲಿಲ್ಲ. “ಗಣಿತಕ್ಕೆ ಕೊಡುವ ಹೊತ್ತನ್ನು ಉಪ್ಪುನೀರಿಗೆ ಸುರಿಯುತ್ತಾನೆ” ಎಂದರು. ಜಾಮೀನು ನಿಂತವನು ನಾನು.

ಹಿರಿಯಡಕವನ್ನು ದಾಟಿ ಮಣಿಪಾಲದ ಗುಡ್ಡವನ್ನೇರಿದೆವು, ಮಧ್ಯಾಹ್ನದೊಳಗೆ ಸೋತೆವು. ಮಳೆಗಾಲ ಕಳೆಯುತ್ತಲೆ ನಮ್ಮ ಕರಾವಳಿಯಲ್ಲಿ ಬಂಗುಡೆ, ಬೂತಾಯಿಗಳು ಹೇರಳವಾಗುವದೇಕೆ ಎಂಬಲ್ಲಿ ಹುಡುಗನ ನಾಲಗೆ ಕಟ್ಟಿತು. ಉಡುಪಿಯಲ್ಲಿ ಊಟಕ್ಕೆ ಕುಳಿತಾಗಲೂ ಅವನು ತುಟಿ ಬಿಚ್ಚಲಿಲ್ಲ. ಈ ಮೋರೆಯನ್ನು ಹೊತ್ತು ಮನೆಗೆ ಮರಳುವದು ಬೇಡವೆಂದು ಕಾಪುವಿಗೆ ಕರೆದೊಯ್ದೆನು.

ನೂಲಹುಣ್ಣಿಮೆಯ ಸಮುದ್ರಪೂಜೆ ಮುಗಿದಿತ್ತು. ಕರೆಯಲ್ಲಿ ಮುದುಕನೊಬ್ಬನು ಬಲೆಯ ಹರಕನ್ನು ನೇಯುತ್ತಿದ್ದನು. ಹುಡುಗನು ತಾನಾಗಿಯೇ, “ಅಜ್ಜಾ, ಮಳೆಯಾದ ಮೇಲೆ ಮೀನು ಯಾಕೆ ಹೆಚ್ಚು?” ಎಂದು ಕೇಳಿದನು. ಮುದುಕನು ತುಳುವಿನಲ್ಲಿ ಹೇಳಿದುದರ ಸಾರವಿಷ್ಟು: “ಮಳೆಗಾಲದಲ್ಲಿ ಅಡಿಯ ನೀರು ಮೇಲಕ್ಕೆ ಬರುತ್ತದೆ, ಮಗಾ. ಕೈಯಿಟ್ಟರೆ ತಣ್ಣಗೆ. ಆ ನೀರಿನಲ್ಲಿ ಮೀನಿಗೆ ಊಟವುಂಟು.”

ಶಾಸ್ತ್ರವೂ ಅದನ್ನೇ ಹೇಳುವದು. ಮುಂಗಾರಿನ ಗಾಳಿಯು ಕರಾವಳಿಯುದ್ದಕ್ಕೂ ತೆಂಕಮುಖವಾಗಿ ಮೇಲ್ನೀರನ್ನು ನೂಕುವಾಗ, ಭೂಮಿಯ ತಿರುಗುವಿಕೆಯಿಂದ ಆ ನೀರು ಬಲಕ್ಕೆ ಹೊರಳಿ ನೆಲದಿಂದ ದೂರ ಸರಿಯುವದು. ತೆರವಾದೆಡೆಗೆ ಆಳದ ತಣ್ಣೀರು ಏರುವದು. ಅದರೊಡನೆ ಬಂದ ಪೋಷಕಲವಣಗಳಿಂದ ಕಣ್ಣಿಗೆ ಕಾಣದ ಸಸ್ಯಗಳು ಬೆಳೆದು, ಅವುಗಳಿಂದ ಸಣ್ಣ ಜೀವಿಗಳೂ ಮೀನುಗಳೂ ಕೊಬ್ಬುವವು. ಪಡುಗರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವದರಿಂದ, ಮೊಟ್ಟೆಯಿಡುವ ಮೀನಿಗೆ ತುಸು ಬಿಡುವೂ ದೊರೆಯುವದು.

ಸಂಜೆ ಬಂಡೆಯ ಮೇಲಿನ ದೀಪಸ್ತಂಭವನ್ನೇರಿದೆವು. 1901ರಲ್ಲಿ ಕಟ್ಟಿದ್ದು; ಎತ್ತರ ಸುಮಾರು 27 ಮೀಟರು. ಅಷ್ಟು ಎತ್ತರದ ಕಣ್ಣಿಗೆ ದಿಗಂತವೆಷ್ಟು ದೂರವೆಂದು ಕೇಳಿದೆನು. ಅವನು ಕಂಬಿಗೊರಗಿ ವರ್ಗಮೂಲ ತೆಗೆದು, “ಹದಿನೆಂಟು ಕಿಲೋಮೀಟರಿಗೂ ತುಸು ಹೆಚ್ಚು, ಮಾವ” ಎಂದನು. ಭಾವನವರ ಗಣಿತವು ಉಪ್ಪುನೀರಿನಲ್ಲಿ ಕರಗಿರಲಿಲ್ಲ!

ಭೂವಿಜ್ಞಾನದ ಅಂತರರಾಷ್ಟ್ರೀಯ ಒಲಿಂಪಿಯಾಡ್ ಎಂಬುದೊಂದುಂಟೆಂದೂ, ನೆಲ-ಗಾಳಿಗಳೊಡನೆ ಸಮುದ್ರವೂ ಅದರ ವಿಷಯವೆಂದೂ, 2007ರಲ್ಲಿ ಕೊರಿಯದಲ್ಲಿ ಮೊದಲಾದ ಅದು 2013ರಲ್ಲಿ ನಮ್ಮ ಮೈಸೂರಿನಲ್ಲಿಯೇ ನಡೆಯಿತೆಂದೂ ಇಳಿಯುವಾಗ ತಿಳಿಸಿದೆನು. “ಹೈಸ್ಕೂಲಿನವರೇ ಹೋಗುವದೋ?” ಎಂದು ಎರಡು ಸಲ ಕೇಳಿದನು.

ಮನೆ ಸೇರುವಾಗ ರಾತ್ರಿಯಾಗಿತ್ತು. ಭಾವನವರು ಬಹುಮಾನವೇನೆಂದು ವಿಚಾರಿಸಿದರು. ಹುಡುಗನು ಸೋಲನ್ನು ಮುಚ್ಚದೆ ಹೇಳಿ, ಕೈಕಾಲು ತೊಳೆಯುವ ಮೊದಲೇ ತಣ್ಣೀರಿನ ಕಥೆಗೆ ತೊಡಗಿದನು. ಅವರು ಅಡ್ಡ ಬಾಯಿ ಹಾಕಲಿಲ್ಲ; ನಡುವೆ ಒಮ್ಮೆ ಮಾತ್ರ, “ಬಲಕ್ಕೇ ಯಾಕೆ ಹೊರಳಬೇಕು?” ಎಂದರು.