ಸಬ್ಸಿಡಿಗೆ ಕಾದ ಇಪ್ಪತ್ತೆರಡು ತಿಂಗಳು

ನಮ್ಮ ಮನೆಯಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಹೆಸರು 'ಅಮ್ಮನ ಗಾಡಿ ಫೈನಲ್ 7'. ಲ್ಯಾಬ್ ರೆಕಾರ್ಡ್ ಬರೆದವರಿಗೆಲ್ಲ ಗೊತ್ತಿರುತ್ತೆ, ಫೈಲ್ ಹೆಸರಲ್ಲಿ 'ಫೈನಲ್' ಅಂತ ಬಂದ್ರೆ ಕೆಲಸ ಇನ್ನೂ ಮುಗಿದಿಲ್ಲ ಅಂತ ಅರ್ಥ. ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋಕೆ ನಮಗೆ ಏಳು ಫೈನಲ್, ಇಪ್ಪತ್ತೆರಡು ತಿಂಗಳು ಬೇಕಾಯ್ತು.

ನಾವು ಅಂದ್ರೆ ನಾಲ್ಕು ಜನ. ಅಪ್ಪ ತಿಪಟೂರಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ಅಮ್ಮ 14 ಕಿ.ಮೀ. ದೂರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಕನ್ನಡ ಪಾಠ ಮಾಡ್ತಾರೆ. ಅಕ್ಕ ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾಳೆ. ನಾಲ್ಕನೆಯವರು ಇದನ್ನು ಬರೀತಿರೋ ಎರಡನೇ ವರ್ಷದ ಎಲೆಕ್ಟ್ರಿಕಲ್ ವಿದ್ಯಾರ್ಥಿ. ಮಕ್ಕಳಿಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಇಲ್ಲಿ ಒತ್ತಕ್ಷರ ತಪ್ಪಿದ್ರೆ ಅದು ಅಮ್ಮನ ತಪ್ಪಲ್ಲ.

2023ರ ಮೇ ತಿಂಗಳು. ಅಮ್ಮನಿಗೆ ಸ್ಕೂಟರ್ ಕೊಡಿಸೋದು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಅಮ್ಮ ಎಲ್.ಎಲ್.ಆರ್. ಕೂಡ ಮಾಡಿಸಿದ್ರು. ಆಗ ಕೇಂದ್ರ ಸರ್ಕಾರದ ಫೇಮ್-2 ಯೋಜನೆ ನಡೀತಿತ್ತು. ಎಲೆಕ್ಟ್ರಿಕ್ ದ್ವಿಚಕ್ರ ವಾಹನಕ್ಕೆ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಸಬ್ಸಿಡಿ. ಗಾಡಿಯ ಎಕ್ಸ್-ಫ್ಯಾಕ್ಟರಿ ಬೆಲೆಯ ಶೇ. 40 ಮೀರಬಾರದು ಅನ್ನೋದು ಮಿತಿ. ನಾವು ನೋಡಿದ್ದ ಗಾಡಿಗೆ 3 ಕಿಲೋವ್ಯಾಟ್ ಅವರ್ ಬ್ಯಾಟರಿ. ಅಂದ್ರೆ 45,000 ರೂಪಾಯಿ. ಅಮ್ಮನ ಗೌರವಧನ ತಿಂಗಳಿಗೆ 10,000. ಅವರ ನಾಲ್ಕೂವರೆ ತಿಂಗಳ ದುಡಿಮೆಯಷ್ಟನ್ನು ಸರ್ಕಾರ ಸುಮ್ಮನೆ ಬಿಡ್ತಿದೆ ಅಂದ್ರೆ ನಮಗೆ ನಂಬೋಕೇ ಆಗ್ಲಿಲ್ಲ.

ಈ ದುಡ್ಡು ನಮ್ಮ ಕೈಗೆ ಬರಲ್ಲ ಅನ್ನೋದು ಶೋರೂಮಿಗೆ ಹೋದ ಮೇಲೆ ಗೊತ್ತಾಯ್ತು. ಕಂಪನಿಯವರೇ ಬೆಲೆಯಲ್ಲಿ ಕಳೆದು ಬಿಲ್ ಹಾಕ್ತಾರೆ, ಆಮೇಲೆ ಸರ್ಕಾರದಿಂದ ಅವರು ವಸೂಲಿ ಮಾಡ್ಕೋತಾರೆ. ನಮ್ಮ ಪಾಲಿಗೆ ಅದು ಬಿಲ್ಲಿನಲ್ಲಿ ಒಂದು ಮೈನಸ್ ಗುರುತು, ಅಷ್ಟೇ.

ಆ ಮೇ ತಿಂಗಳಲ್ಲೇ ಸುದ್ದಿ ಬಂತು: ಜೂನ್ 1ರಿಂದ ಸಬ್ಸಿಡಿ ಕಡಿತ. ಕಿಲೋವ್ಯಾಟ್ ಅವರ್‌ಗೆ 10,000, ಅದೂ ಬೆಲೆಯ ಶೇ. 15 ಮೀರದಂತೆ. ನಮ್ಮ ಗಾಡಿಗೆ ಲೆಕ್ಕ ಹಾಕಿದ್ರೆ ಹೆಚ್ಚೂಕಡಿಮೆ 18,000 ಮಾತ್ರ. ಶೋರೂಮಿನಲ್ಲಿ ನೂಕುನುಗ್ಗಲು. ಮುಂಗಡ ಕಟ್ಟೋಕೆ ನಮ್ಮ ಹತ್ರ ದುಡ್ಡು ಸಾಲದು. ಅಕ್ಕನ ಕೊನೇ ಸೆಮಿಸ್ಟರ್ ಫೀಸು ಆಗಷ್ಟೇ ಕಟ್ಟಿದ್ವಿ. ಅಪ್ಪ ಯಾರ ಹತ್ರಾನೋ ಕೈಗಡ ಕೇಳೋಕೆ ಹೋಗಿ ಬರೋದ್ರಲ್ಲಿ ಜೂನ್ ಬಂತು. ಶೋರೂಮಿನ ಬೆಲೆ 22,000 ಜಾಸ್ತಿ ಆಯ್ತು.

ಆಗ ಅಪ್ಪ ಹೇಳಿದ ಮಾತು ಇಡೀ ಕಥೆಗೆ ಮೂಲ: "ಕೊಬ್ಬರಿ ರೇಟು ಬಿದ್ದಾಗ ಮಾರಬಾರದು, ಏರೋವರೆಗೂ ಅಟ್ಟದ ಮೇಲೆ ಇಡಬೇಕು. ಇದೂ ಅಷ್ಟೇ. ಮುಂದಿನ ವರ್ಷ ಎಲೆಕ್ಷನ್ ಇದೆ, ಮತ್ತೆ ಜಾಸ್ತಿ ಮಾಡ್ತಾರೆ, ನೋಡ್ತಾ ಇರಿ."

ತಿಪಟೂರಿನವರಿಗೆ ಇದು ವೇದವಾಕ್ಯ. ನಾವೂ ತಲೆ ಆಡಿಸಿದ್ವಿ.

ಇದಾಗಿ ಹತ್ತು ದಿನಕ್ಕೆ, ಜೂನ್ 11ಕ್ಕೆ, ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯ್ತು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅಮ್ಮನ ಬಸ್ ಚಾರ್ಜು ಸೊನ್ನೆಗೆ ಇಳೀತು. ಎಕ್ಸೆಲ್ ಶೀಟಿನಲ್ಲಿ ಅಕ್ಕ 'ಈಗಿನ ಖರ್ಚು' ಅನ್ನೋ ಕಾಲಮ್ಮಿನಲ್ಲಿ 0 ಅಂತ ಹಾಕಿದಳು. ಸೊನ್ನೆ ಎದುರಿಗೆ ಯಾವ ಸ್ಕೂಟರ್ ತಾನೇ ಗೆಲ್ಲುತ್ತೆ? ಬಸ್ಸು ಫ್ರೀ ಇರೋವಾಗ ಅವಸರ ಏನು ಅಂತ ಎಲ್ಲರಿಗೂ ಅನ್ನಿಸ್ತು. ಅಮ್ಮನಿಗೆ ಏನನ್ನಿಸ್ತು ಅಂತ ನಾವು ಕೇಳ್ಲಿಲ್ಲ. ನವೆಂಬರ್‌ನಲ್ಲಿ ಅವರ ಎಲ್.ಎಲ್.ಆರ್. ಅವಧಿ ಮುಗೀತು. ಅದರ ಆರು ತಿಂಗಳು ಯಾರಿಗೂ ಕಾಯಲ್ಲ.

2024 ಬಂತು. ಎಲೆಕ್ಷನ್ನೂ ಬಂತು. ಮಾರ್ಚ್ 31ಕ್ಕೆ ಫೇಮ್-2 ಮುಗೀತು. ಏಪ್ರಿಲ್ 1ರಿಂದ ಬಂದ ಹೊಸ ಯೋಜನೆಯಲ್ಲಿ ಸಬ್ಸಿಡಿ ಕಿಲೋವ್ಯಾಟ್ ಅವರ್‌ಗೆ 5,000, ಒಂದು ಸ್ಕೂಟರಿಗೆ ಹೆಚ್ಚೆಂದರೆ 10,000. ಅಕ್ಟೋಬರ್ 1ರಿಂದ ಪಿ.ಎಂ. ಇ-ಡ್ರೈವ್ ಬಂತು, ಅದರಲ್ಲೂ ಅಷ್ಟೇ. ಜೊತೆಗೆ 2025ರ ಏಪ್ರಿಲ್‌ನಿಂದ ಅದರ ಅರ್ಧ, ಅಂದ್ರೆ ಗಾಡಿಗೆ ಹೆಚ್ಚೆಂದರೆ 5,000 ಅಂತ ಮೊದಲೇ ಬರೆದಿಟ್ಟಿದ್ರು.

ಇಷ್ಟು ಹೊತ್ತಿಗೆ ನಾವು ಇಂಜಿನಿಯರಿಂಗ್ ಸೇರಿದ್ವಿ. ಈ ಅಂಕಿಗಳನ್ನು ಗ್ರಾಫ್ ಮಾಡಿದಾಗ ವಿಷಯ ಹೊಳೀತು: 45, 18, 10, 5. ಇದು ಕೊಬ್ಬರಿ ರೇಟಿನ ಹಾಗೆ ಏರಿ ಇಳಿಯೋ ಗೆರೆ ಅಲ್ಲ, ಕೆಪಾಸಿಟರ್ ಡಿಸ್ಚಾರ್ಜ್ ಆಗೋ ಗೆರೆ. ಇಳಿಯೋಕೆ ಅಂತಲೇ ಮಾಡಿದ್ದು. ಎಲೆಕ್ಟ್ರಿಕ್ ಗಾಡಿ ಓಡಿಸೋಕೆ ಅಗ್ಗ, ಆದ್ರೆ ಕೊಳ್ಳೋವಾಗ ಬ್ಯಾಟರಿಯಿಂದಾಗಿ ದುಬಾರಿ. ಗಾಡಿಗಳು ಹೆಚ್ಚೆಚ್ಚು ಮಾರಾಟ ಆಗಿ ಬೆಲೆ ತಾನಾಗೇ ಇಳಿಯೋವರೆಗೂ ಆ ಅಂತರ ತುಂಬೋಕೆ ಸರ್ಕಾರ ಊರುಗೋಲು ಕೊಡುತ್ತೆ. ಬೆಲೆ ಇಳಿದ ಹಾಗೆ ಊರುಗೋಲು ವಾಪಸ್ ತಗೊಳ್ಳುತ್ತೆ. ಮೊದಲು ಬಂದವರಿಗೆ ಹೆಚ್ಚು, ಕೊನೆಗೆ ಬಂದವರಿಗೆ ಕಡಿಮೆ. ಆದ್ರೆ ಮೊದಲು ಬರೋಕೆ ಯಾರಿಗೆ ಸಾಧ್ಯ? ಮುಂಗಡದ ದುಡ್ಡು ರೆಡಿ ಇದ್ದವರಿಗೆ. ನಮ್ಮಂಥವರು ಕೈಗಡ ಕೇಳಿ ಬರೋದ್ರಲ್ಲಿ ತಾರೀಖು ಮುಗಿದಿರುತ್ತೆ.

ಇದನ್ನೆಲ್ಲ ಫೋನಲ್ಲಿ ಅಪ್ಪನಿಗೆ ವಿವರಿಸಿದ್ವಿ. ಅಪ್ಪ, "ಕೊಬ್ಬರೀನೂ ಮೇಲೆ ಬರ್ತಿದೆ, ಇನ್ನೊಂದು ಸ್ವಲ್ಪ ನೋಡೋಣ" ಅಂದ್ರು.

2025ರ ಜನವರಿಯಲ್ಲಿ ಒಂದು ಸಂಜೆ ಅಮ್ಮನ ಬಸ್ಸು ಬರಲೇ ಇಲ್ಲ. ಅಂದು ನಾವು ಸೆಮಿಸ್ಟರ್ ರಜೆಗೆ ಊರಲ್ಲಿದ್ವಿ, ಅಕ್ಕನೂ ಬಂದಿದ್ಲು. ಏಳೂವರೆ ಆದರೂ ಅಮ್ಮ ಇಲ್ಲ, ಫೋನ್ ಸ್ವಿಚ್ ಆಫ್. ಅಪ್ಪ ಚಪ್ಪಲಿ ಹಾಕ್ಕೊಂಡು ಗೇಟಿನ ಹತ್ರ ಹೋಗಿ ಬಂದು ಮಾಡ್ತಿದ್ರು. ಎಂಟು ಗಂಟೆಗೆ ಒಂದು ಕೊಬ್ಬರಿ ಟೆಂಪೋ ಬಂದು ನಿಲ್ತು. ಅಮ್ಮ ಡ್ರೈವರ್ ಪಕ್ಕದಿಂದ ಇಳಿದ್ರು, ಕೈಯಲ್ಲಿ ಮಕ್ಕಳ ನೋಟ್‌ಬುಕ್ಕಿನ ಚೀಲ. "ಪರಿಚಯದವರೇ, ಬಿಟ್ಟು ಹೋದ್ರು" ಅಂತಷ್ಟೇ ಹೇಳಿ ಒಳಗೆ ಹೋಗಿ ಕುಕ್ಕರ್ ಇಟ್ರು.

ರಾತ್ರಿ ಊಟ ಆದ ಮೇಲೆ ಅಕ್ಕ ಕೇಳಿದಳು: "ಅಮ್ಮ, ದಿನಾ ಬಸ್ ಸ್ಟಾಪಲ್ಲಿ ಎಷ್ಟು ಹೊತ್ತು ಕಾಯ್ತೀಯ?"

"ಸ್ಕೂಲ್ ಬಿಡೋದು ನಾಲ್ಕು ಇಪ್ಪತ್ತಕ್ಕೆ. ಬಸ್ಸು ಐದು ನಲವತ್ತಕ್ಕೆ. ಯಾಕೆ?"

"ಅಷ್ಟು ಹೊತ್ತು ಏನ್ ಮಾಡ್ತೀಯ?"

"ಕಾಪಿ ತಿದ್ದುತೀನಿ. ಬೆಳಕು ಇರೋವರೆಗೂ."

ಅಕ್ಕ ಲ್ಯಾಪ್‌ಟಾಪ್ ತೆಗೆದಳು. ಶೀಟಿನಲ್ಲಿ ಒಂದು ಹೊಸ ಕಾಲಮ್. ದಿನಕ್ಕೆ 80 ನಿಮಿಷ. ಗಾಡಿ ಮುಂದೂಡಿದ ಮೇಲೆ, ರಜೆಗಳನ್ನೆಲ್ಲ ಕಳೆದು, ಸುಮಾರು 360 ಶಾಲಾ ದಿನ. ಗುಣಿಸಿದ್ರೆ 480 ಗಂಟೆ. ಅಂದ್ರೆ ಹಗಲು ರಾತ್ರಿ ಸೇರಿ ಇಪ್ಪತ್ತು ದಿನ ಅಮ್ಮ ಆ ಬಸ್ ಸ್ಟಾಪಿನಲ್ಲಿ ಕೂತಿದ್ರು. ಸಬ್ಸಿಡಿ, ಇ.ಎಂ.ಐ., ಇನ್ಶೂರೆನ್ಸ್, ಯೂನಿಟ್ ರೇಟು, ಎಲ್ಲಕ್ಕೂ ಕಾಲಮ್ ಇದ್ದ ಶೀಟಿನಲ್ಲಿ ಇದೊಂದು ಇರಲಿಲ್ಲ. ಮಾಡಿದ್ದು ಒಬ್ಬ ಅಕೌಂಟೆಂಟ್, ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ, ಮೇಲೆ ಒಬ್ಬ ಮಂಡಿ ಗುಮಾಸ್ತ. ಮೂರು ಲೆಕ್ಕದವರು ಸೇರಿ ತಪ್ಪಿಸಿದ ಲೆಕ್ಕ ಇದು.

ಅಪ್ಪ ಸ್ಕ್ರೀನನ್ನು ಸುಮಾರು ಹೊತ್ತು ನೋಡಿದ್ರು. ಏನೂ ಮಾತಾಡ್ಲಿಲ್ಲ. ಮರುದಿನ ಬೆಳಗ್ಗೆ ಅಮ್ಮನನ್ನು ಮತ್ತೆ ಎಲ್.ಎಲ್.ಆರ್. ಮಾಡಿಸೋಕೆ ಕರ್ಕೊಂಡು ಹೋದ್ರು.

ಮಾರ್ಚ್‌ನಲ್ಲಿ ಡಿ.ಎಲ್. ಬಂತು. ಅಕ್ಕ ಮುಂಗಡ ಕೊಟ್ಟಳು. ಅಷ್ಟರಲ್ಲಿ ಇನ್ನೊಂದು ತೊಡಕು. ಪಿ.ಎಂ. ಇ-ಡ್ರೈವ್‌ನಲ್ಲಿ ಸಬ್ಸಿಡಿ ಬೇಕಂದ್ರೆ ಗಾಡಿ ಕೊಳ್ಳೋರ ಆಧಾರ್ ದೃಢೀಕರಣ ಆಗಿ ಇ-ವೋಚರ್ ಬರಬೇಕು, ಅದಕ್ಕೆ ಸಹಿ ಹಾಕಿ ಕೊಡಬೇಕು. ಅಮ್ಮನ ಆಧಾರ್‌ಗೆ ಲಿಂಕ್ ಆಗಿದ್ದದ್ದು ಯಾವುದೋ ಹಳೇ ಸಿಮ್ಮಿನ ನಂಬರ್. ಅದು ಸತ್ತು ಎಷ್ಟು ವರ್ಷ ಆಗಿತ್ತೋ! ಆಧಾರ್ ಸೆಂಟರಿನ ಕ್ಯೂನಲ್ಲಿ ಅಪ್ಪ ಅಮ್ಮ ಅರ್ಧ ದಿನ ನಿಂತು, 50 ರೂಪಾಯಿ ಕಟ್ಟಿ ನಂಬರ್ ಬದಲಾಯಿಸಿದ್ರು. ಅದು ಅಪ್‌ಡೇಟ್ ಆಗೋವರೆಗೂ ಬೆಂಗಳೂರಿಂದ ನಾವು ದಿನಾ ಫೋನ್ ಮಾಡಿ "ಆಯ್ತಾ?" ಅಂತ ಕೇಳೋದು. ಮಾರ್ಚ್ 31 ದಾಟಿದ್ರೆ 10,000 ಹೋಗಿ 5,000. ಇನ್ನೊಂದು ಸಲ ತಾರೀಖಿಗೆ ಸೋಲೋಕೆ ನಾವು ತಯಾರಿರಲಿಲ್ಲ.

ಈ ಸಲ ಗೆದ್ವಿ. ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ. ಹಬ್ಬದ ದಿನವೇ ಹಸಿರು ನಂಬರ್ ಪ್ಲೇಟಿನ ಗಾಡಿ ಮನೆ ಮುಂದೆ ನಿಂತಿತ್ತು. ಮೊದಲು ನೋಡಿದ್ದಕ್ಕಿಂತ ಸ್ವಲ್ಪ ಚಿಕ್ಕ ಬ್ಯಾಟರಿ, ದಿನಕ್ಕೆ 28 ಕಿ.ಮೀ.ಗೆ ಧಾರಾಳ ಸಾಕು. ಬೆಲೆ 1 ಲಕ್ಷದ 8 ಸಾವಿರ. 2023ರಲ್ಲಿ ನಾವು ತಪ್ಪಿಸಿಕೊಂಡ ಗಾಡಿಯ ಬೆಲೆ 1 ಲಕ್ಷದ 10 ಸಾವಿರ ಇತ್ತು. ಸಬ್ಸಿಡಿ ಕರಗಿದಷ್ಟೂ ಕಂಪನಿಗಳು ಅಗ್ಗದ ಮಾಡೆಲ್ ತಂದಿದ್ವು. "ನೋಡಿದ್ರಾ, ಕಾದಿದ್ದಕ್ಕೆ ನಷ್ಟ ಏನೂ ಆಗ್ಲಿಲ್ಲ" ಅಂತ ಅಪ್ಪ ಹೇಳೋಕೆ ಹೊರಟವರು ಅರ್ಧಕ್ಕೇ ನಿಲ್ಲಿಸಿದ್ರು. ದುಡ್ಡಿನ ಕಾಲಮ್ಮಿನಲ್ಲಿ ಅವರ ಮಾತು ಸರಿಯೇ ಇತ್ತು.

ಬಿಲ್ ಕೈಯಲ್ಲಿ ಹಿಡಿದು ಕೂತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಾವು ಎರಡು ವರ್ಷ ಬೆನ್ನು ಹತ್ತಿದ್ದ ಆ ಮೈನಸ್ ಗುರುತು ಸರ್ಕಾರ ಕೊಡೋದರಲ್ಲಿ ಚಿಕ್ಕ ಪಾಲು. ಎಲೆಕ್ಟ್ರಿಕ್ ಗಾಡಿಗೆ ಜಿ.ಎಸ್.ಟಿ. ಶೇ. 5, ಆಗ ಪೆಟ್ರೋಲ್ ಸ್ಕೂಟರಿಗೆ ಶೇ. 28 ಇತ್ತು. ಬರೀ ಇದರಲ್ಲೇ 20,000 ದಾಟೋ ವ್ಯತ್ಯಾಸ. ಕರ್ನಾಟಕದಲ್ಲಿ ಆಗ ನಮ್ಮಂಥ ಗಾಡಿಗೆ ರಸ್ತೆ ತೆರಿಗೆ ಇರಲಿಲ್ಲ, 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಮಾತ್ರ 2024ರಿಂದ ಹಾಕಿದ್ದರು. ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಈ ಎರಡು ರಿಯಾಯಿತಿಗಳೂ ನಾವು ಕಾಯ್ತಾ ಕೂತಿದ್ದ ಅಷ್ಟೂ ದಿನ ಇದ್ದವು. ಬಿಲ್ಲಿನಲ್ಲಿ ಮೈನಸ್ ಅಂತ ಬರೆಯದ ಕಾರಣ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕರೆಂಟಿನದ್ದು ಬೇರೆಯೇ ಕಥೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೂ ಉಚಿತ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ನಮ್ಮಂಥ ಮನೆಯ ಉಚಿತ ಪಾಲು ಆ ಮನೆಯ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಆಗ ನಮ್ಮನೇಲಿ ಸ್ಕೂಟರ್ ಎಲ್ಲಿತ್ತು? ಹಾಗಾಗಿ ಅಮ್ಮನ ಗಾಡಿ ಕುಡಿಯೋ ತಿಂಗಳಿಗೆ ಸುಮಾರು 25 ಯೂನಿಟ್ಟಿಗೆ ನಾವು ದುಡ್ಡು ಕಟ್ತೀವಿ, ಇನ್ನೂರು ರೂಪಾಯಿ ಒಳಗೆ. ಅಷ್ಟೇ ದೂರಕ್ಕೆ ಪೆಟ್ರೋಲ್ ಆಗಿದ್ರೆ ಸಾವಿರದ ಐನೂರರ ಹತ್ತಿರ.

ಈಗ ಅಮ್ಮ ಐದು ಗಂಟೆಗೆ ಮನೆಯಲ್ಲಿರ್ತಾರೆ. ಕಾಪಿ ತಿದ್ದೋದು ಮನೆ ಜಗುಲಿ ಮೇಲೆ. ಶಾಲೆಯಲ್ಲಿ ಬಿಸಿಯೂಟ ಮಾಡೋ ಅಡುಗೆಯವರು ಪೇಟೆಗೆ ಬರೋ ದಿನ ಹಿಂದೆ ಕೂತು ಬರ್ತಾರೆ. ಅವರಿಗೆ ಬರೋದು ಅಮ್ಮನ ಗೌರವಧನದ ಅರ್ಧಕ್ಕಿಂತ ಕಡಿಮೆ. ಮೊದಲ ದಿನ ಅಮ್ಮ ಸಬ್ಸಿಡಿ ವಿಷಯ ಹೇಳಿದಾಗ ಅವರು ಕೇಳಿದ್ರಂತೆ: "ಗಾಡಿ ತಗೊಂಡ್ರೆ ಹತ್ತು ಸಾವಿರ ಬಿಡ್ತಾರೆ ಸರಿ ಮೇಡಂ, ಗಾಡಿ ತಗೊಳ್ಳೋಕೆ ಆಗದೇ ಇರೋರಿಗೆ ಏನ್ ಬಿಡ್ತಾರೆ?" ಅಮ್ಮ ನಕ್ಕು, "ಬಸ್ ಟಿಕೆಟ್ ಬಿಟ್ಟಿದ್ದಾರಲ್ಲ" ಅಂದರಂತೆ. "ಟಿಕೆಟ್ ಬಿಟ್ರು, ಬಸ್ ಬಿಡಬೇಕಲ್ಲ" ಅಂದರಂತೆ ಅವರು. ನಮ್ಮ ಶೀಟಿನ ಯಾವ ಕಾಲಮ್ಮಿನಲ್ಲೂ ಇದಕ್ಕೆ ಉತ್ತರ ಇಲ್ಲ. ಸದ್ಯಕ್ಕೆ ಅವರಿಗೆ ಸಿಕ್ಕಿರೋದು ಅಮ್ಮನ ಹಿಂದಿನ ಸೀಟು.

ಅಂದ ಹಾಗೆ, ಕೊಬ್ಬರಿ ವಿಷಯದಲ್ಲಿ ಅಪ್ಪನೇ ಗೆದ್ರು. 2023ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರದ ಕೆಳಗೆ ಬಿದ್ದಿದ್ದ ಕೊಬ್ಬರಿ 2025ರಲ್ಲಿ ಇಪ್ಪತ್ತು ಸಾವಿರ ದಾಟಿತು. ಆ ಹುಮ್ಮಸ್ಸಿನಲ್ಲಿ ಮೊನ್ನೆ ವಾಷಿಂಗ್ ಮಷೀನ್ ಮಾತು ಬಂದಾಗ, "ದೀಪಾವಳಿ ಆಫರ್ ಬರ್ಲಿ, ಕಾಯೋಣ" ಅಂದ್ರು.

ಅಮ್ಮ ಸ್ಕೂಟರ್ ಕೀ ತಗೊಂಡು ಹೊರಡ್ತಾ ಹೇಳಿದ್ರು: "ಕಾಯ್ರಿ, ಪರವಾಗಿಲ್ಲ. ಅಲ್ಲಿವರೆಗೂ ಬಟ್ಟೆ ನೀವು ಒಗೀರಿ."

ಮಷೀನ್ ಮುಂದಿನ ವಾರ ಬರುತ್ತೆ.