ನೆಟ್ಟಿನ ಬೆನ್ನಿಗೆ ಡಿಸ್ಕು

ಊರಿಗೆ ಫೈಬರ್ ಬಂದ ಮೇಲೆ ನಮ್ಮ ಮನೆಯಲ್ಲೆದ್ದ ಮೊದಲ ತಕರಾರು, ರೂಟರ್ ಎಲ್ಲಿಡಬೇಕು ಎಂಬುದು. ಕೇಬಲ್ ಎಳೆಯಲು ಬಂದ ಹುಡುಗ ಜಗಲಿಯ ಮೂಲೆ ತೋರಿಸಿದ. ಅವನಿಗೆ ವಯರ್ ಉಳಿಯುತ್ತಿತ್ತು. ಮಗಳಿಗೆ ಅದು ಮಹಡಿಯ ತನ್ನ ಕೋಣೆಯಲ್ಲೇ ಇರಬೇಕು. ದೇವರ ಕೋಣೆ ಬಿಟ್ಟು ಎಲ್ಲಾದರೂ ಇಡಿ ಎಂದರು ಅಮ್ಮ. ಸಾಗರದ ಕಡೆಯ ಹಳೇ ಮನೆ, ಮೊಳ ದಪ್ಪದ ಜಂಬಿಟ್ಟಿಗೆ ಗೋಡೆ. 5 ಗಿಗಾಹರ್ಟ್ಸ್‌ನ ಅಲೆ ಚುರುಕು, ಆದರೆ ಇಂಥ ಗೋಡೆಯೆದುರು ಸುಸ್ತು. 2.4ರದ್ದು ನಿಧಾನವಾದರೂ ಹೇಗೋ ನುಸುಳುತ್ತದೆ. ಕೊನೆಗೆ ಪೆಟ್ಟಿಗೆ ನಡುಮನೆಯ ಕಪಾಟನ್ನೇರಿತು.

ನಮಗೆ ಗೋಡೆ ಅಡ್ಡವಾದರೆ ಹವಾಯಿಯ ನಾರ್ಮನ್ ಅಬ್ರಾಮ್ಸನ್‌ಗೆ ಸಮುದ್ರವೇ ಅಡ್ಡ. ಸರ್ಫಿಂಗ್ ಮೋಹಕ್ಕೆ ಆ ದ್ವೀಪಗಳನ್ನು ಸೇರಿದ ಪ್ರೊಫೆಸರ್ ಈತ. 1971ರಲ್ಲಿ ಈತನ ತಂಡದ ಅಲೋಹಾನೆಟ್ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೋ ಮೂಲಕ ಜೋಡಿಸತೊಡಗಿತು. ಇಬ್ಬರ ಸಂದೇಶ ಒಟ್ಟಿಗೇ ಹೊರಟು ಡಿಕ್ಕಿಯಾದರೆ ಇಬ್ಬರೂ ಸುಮ್ಮನಾಗಬೇಕು, ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕು. ಇಷ್ಟೇ ಅದರ ಗುಟ್ಟು. ಇಂದಿನ ವೈಫೈ ಇನ್ನೂ ಸಭ್ಯ: ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಮೊದಲು ಕಿವಿಗೊಟ್ಟು, ಆಮೇಲೆ ಬಾಯಿ ಬಿಡುತ್ತದೆ. ನಮ್ಮ ಮನೆಯಲ್ಲಿ ಇಬ್ಬರು ಒಟ್ಟಿಗೆ ಮಾತು ತೆಗೆದರೆ ಇಬ್ಬರ ದನಿಯೂ ಏರುತ್ತದೆ.

1999ರಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ವೈಫೈ ಇದ್ದ ಐಬುಕ್ ಲ್ಯಾಪ್‌ಟಾಪನ್ನು ಹೂಲಾ ಹೂಪ್ ಬಳೆಯೊಳಗೆ ತೂರಿಸಿ, ನೋಡಿ, ವಯರಿಲ್ಲ ಎಂದು ತೋರಿಸಿದರು. ಗಾರುಡಿಗರ ಆಟವೇ ಸರಿ. ಆದರೆ ಭಾರತದಲ್ಲಿ ವೈಫೈ ಓಡುವ 2.4ರ ಪಟ್ಟಿ ಲೈಸೆನ್ಸಿನ ಹಂಗು ಕಳೆದುಕೊಂಡದ್ದು 2005ರಲ್ಲಿ.

ನನಗೆ ಹೆಚ್ಚು ಹಿಡಿಸಿದ್ದು ಬಳೆಯಾಟವಲ್ಲ, ಅದೇ ಆ್ಯಪಲ್ 2008ರಲ್ಲಿ ಹೊರತಂದ ಟೈಮ್ ಕ್ಯಾಪ್ಸೂಲ್. ರೂಟರಿನ ಹೊಟ್ಟೆಯೊಳಗೇ 500 ಜಿಬಿ ಇಲ್ಲವೇ 1 ಟಿಬಿಯ ಹಾರ್ಡ್ ಡಿಸ್ಕ್. ಮನೆಯ ಮ್ಯಾಕ್‌ಗಳು ಗಂಟೆಗೊಮ್ಮೆ ತಾವಾಗಿ ಅದರೊಳಗೆ ನಕಲು ತುಂಬುತ್ತಿದ್ದವು. ಹಿಂದಿನ 24 ಗಂಟೆಗಳದ್ದು ಗಂಟೆಯ ಲೆಕ್ಕದಲ್ಲಿ, ಒಂದು ತಿಂಗಳದ್ದು ದಿನದ ಲೆಕ್ಕದಲ್ಲಿ, ಅದಕ್ಕೂ ಹಳೆಯದು ವಾರದ ಲೆಕ್ಕದಲ್ಲಿ. ಡಿಸ್ಕ್ ತುಂಬಿದಾಗ ತೀರಾ ಹಳೆಯದಕ್ಕೆ ಕೊಕ್. ಬ್ಯಾಕಪ್ ಮಾಡಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ, ನೆಟ್ ಹೋದರೆ ಮಾತ್ರ ಮನೆಮಂದಿಯೆಲ್ಲ ಕೂಗುತ್ತಾರೆ. ಮರೆಯುವ ಕೆಲಸವನ್ನು ಮರೆಯಲಾಗದ ಪೆಟ್ಟಿಗೆಗೆ ಗಂಟುಹಾಕಿದವನ ತಲೆಗೆ ನನ್ನ ನಮಸ್ಕಾರ. 2018ರಲ್ಲಿ ಅದರ ಮಾರಾಟ ನಿಲ್ಲಿಸುವುದಾಗಿ ಕಂಪನಿ ಹೇಳಿತು. ಮೋಡದಂಗಡಿಗೆ ತಿಂಗಳ ಬಾಡಿಗೆ ಕಟ್ಟುವ ಕಾಲ ಬಂದಿತ್ತು.

ನಾನು ಕಟ್ಟಿಕೊಂಡದ್ದು ಟೈಮ್ ಕ್ಯಾಪ್ಸೂಲಿನ ಬಡ ತಮ್ಮನನ್ನು. ಬೆನ್ನಿನಲ್ಲಿ ಯುಎಸ್‌ಬಿ ತೂತಿರುವ ರೂಟರ್, ಅದಕ್ಕೊಂದು ಪೋರ್ಟಬಲ್ ಹಾರ್ಡ್ ಡಿಸ್ಕ್. ರೂಟರಿನ ಸೆಟ್ಟಿಂಗಿನಲ್ಲಿ ಹಂಚಿಕೆ ತೆರೆದು, ಪಾಸ್‌ವರ್ಡ್ ಕೊಟ್ಟು, ಲ್ಯಾಪ್‌ಟಾಪುಗಳಿಗೆ ರಾತ್ರಿ ನಕಲು ಮಾಡಲು ಹೇಳಿದರಾಯಿತು. ಮೊದಲ ಸಲದ ದೊಡ್ಡ ಹೊರೆಯನ್ನು ಮಾತ್ರ ಲ್ಯಾನ್ ಕೇಬಲ್ಲಿನಲ್ಲೇ ಸಾಗಿಸುವುದು ಮೇಲು, ಗಾಳಿಯಲ್ಲಿ ಕಳಿಸುತ್ತ ಕೂತರೆ ಬೆಳಗಾದರೂ ಮುಗಿಯದು. ಮಿನಿ ಯುಪಿಎಸ್ ಬೇಕೇ ಬೇಕು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕ್ ಕೆಡಬಹುದು, ನಮ್ಮ ಕಡೆ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಈಗ ಅಪ್ಪನ ಅಡಿಕೆ ಮಂಡಿಯ ಚೀಟಿಗಳ ಸ್ಕ್ಯಾನ್, ಮಗಳ ಯಕ್ಷಗಾನದ ವಿಡಿಯೋ, ಅಮ್ಮನ ಮದುವೆ ಹಾಡುಗಳು ಎಲ್ಲ ಅದರಲ್ಲಿವೆ.

ಏಪ್ರಿಲ್ ಬಂತೆಂದರೆ ಅಮ್ಮನ ಕಿವಿ ಆಕಾಶದ ಕಡೆ. "ಗುಡುಗ್ತಾ ಇದೆ ಕಣೋ, ಪಿನ್ ತೆಗಿ!" ಫೈಬರಿನ ಗಾಜಿನೆಳೆಯಲ್ಲಿ ಕರೆಂಟು ಹರಿಯದು ಎಂದು ಮಗಳು ವಾದಿಸುತ್ತಾಳೆ. ಅದು ನಿಜ. ಆದರೆ ಸಿಡಿಲಿಗೆ ಒಳಬರಲು ಗೋಡೆಯ ಪ್ಲಗ್ ಸಾಕು, ಹಾಗಾಗಿ ಅಮ್ಮನ ಮಾತೇ ಸರಿ. ಸಿಡಿಲೋ ಕಳ್ಳನೋ ಬಂದರೆ ಲ್ಯಾಪ್‌ಟಾಪಿನ ಜೊತೆಗೆ ನಕಲೂ ಹೋಯಿತು. ಸದಾ ನೆಟ್‌ವರ್ಕಿಗೆ ಅಂಟಿಕೊಂಡ ಡಿಸ್ಕಿಗೆ ವೈರಸ್ಸೂ ಕೈಹಾಕಬಲ್ಲದು. ಒಂದೇ ಸೂರಿನಡಿ ಎಷ್ಟು ಪ್ರತಿಯಿದ್ದರೂ ನನ್ನ ಲೆಕ್ಕದಲ್ಲಿ ಅದು ಅರ್ಧ ಬ್ಯಾಕಪ್ಪು.

ಹಾಗಾಗಿ ಇನ್ನೊಂದು ಡಿಸ್ಕ್ ಶಿವಮೊಗ್ಗದ ಅಕ್ಕನ ಮನೆಯಲ್ಲಿರುತ್ತದೆ. ಗೌರಿ ಹಬ್ಬಕ್ಕೆ ಬರುವಾಗ ಅವಳು ಅದನ್ನು ತರುತ್ತಾಳೆ, ಬಾಗಿನದ ಜೊತೆ ಹೊಸದನ್ನು ಒಯ್ಯುತ್ತಾಳೆ. ಈ ಸಲ ಡಿಸ್ಕನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಕೇಳಿದಳು: "ಜಾಗ ಉಳಿದಿದ್ರೆ ನನ್ನ ಫೋಟೋಗಳನ್ನೂ ತುಂಬೋ. ಫೋನು ತುಂಬಿದೆ ಅಂತ ದಿನಾ ಬೈತಾ ಇದೆ."