ಕೀಲಿಯೂ ಕೀಲಿಕೈಯೂ

ಗುಟ್ಟನ್ನು ಕಾಯುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬ ಗೂಢಲಿಪಿಯೂ ಒಂದು. ಆದರೆ ಪಾಸ್‌ವರ್ಡ್ ಎಂಬ ಗುಪ್ತಪದವು ಗಣಕಯಂತ್ರಕ್ಕೆ ಬಂದುದು 1961ರ ಸುಮಾರಿಗೆ. ಅಮೇರಿಕೆಯ ಮ್ಯಾಸಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಒಂದೇ ಯಂತ್ರವನ್ನು ಅನೇಕರು ಬಳಸತೊಡಗಿದಾಗ, ಒಬ್ಬೊಬ್ಬರ ಕಡತವನ್ನು ಬೇರೆಯಾಗಿಡುವದಕ್ಕಾಗಿ ಕೋರ್ಬಾಟೋ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಇದನ್ನು ಬಳಕೆಗೆ ತಂದರು. 1962ರಲ್ಲಿ ಅಲ್ಲಿಯ ವಿದ್ಯಾರ್ಥಿಯೊಬ್ಬನು, ಯಂತ್ರದ ವೇಳೆಯು ತನಗೆ ಹೆಚ್ಚು ದೊರೆಯಲೆಂದು, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡನು. ಕೀಲಿಯ ಬೆನ್ನಿಗೇ ಕಳ್ಳಕೀಲಿಕೈಯೂ ಹುಟ್ಟಿತು.

ಪಾಠಶಾಲೆಯಲ್ಲಿ ವಿಶಾಖದತ್ತನ ಮುದ್ರಾರಾಕ್ಷಸವನ್ನು ಓದುವಾಗ ನನಗೆ ಕಥೆಯ ಕುಟಿಲತೆಯೇ ಹಿತವಾಗಿದ್ದಿತು. ಅದರ ತತ್ತ್ವವು ಹೊಳೆದುದು ಈಗ. ಅಮಾತ್ಯರಾಕ್ಷಸನ ಉಂಗುರವು ಚಾಣಕ್ಯನ ಕೈಸೇರಿದ ಮೇಲೆ, ಅದನ್ನೊತ್ತಿದ ಪತ್ರವು ರಾಕ್ಷಸನದೇ ಎನಿಸಿತು. ಮುದ್ರೆಯು ಒಡೆಯನನ್ನರಿಯದು, ಹಿಡಿದ ಕೈಯನ್ನಷ್ಟೇ ಅರಿಯುವದು. ಗುಪ್ತಪದವೂ ಹಾಗೆಯೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತರಿಗೆ ಇದು ದೂರದ ಮಾತಲ್ಲ. ಮೊದಲು ಹೊಲದ ಉತಾರವು ತಲಾಠಿಯ ದಫ್ತರದಲ್ಲಿ ಕೈಬರಹದಲ್ಲಿದ್ದಿತು. 2000ದ ಆಚೀಚೆಯ ವರ್ಷಗಳಲ್ಲಿ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳನ್ನು ಗಣಕಕ್ಕೇರಿಸಿ, ತಾಲೂಕಿನ ಕಚೇರಿಗಳಲ್ಲಿ ಆಗ 15 ರೂಪಾಯಿಗೆ ಪ್ರತಿಯನ್ನು ಕೊಡುವ ಏರ್ಪಾಡು ಮಾಡಿತು. ಆ ತಂತ್ರಾಂಶವನ್ನು ತೆರೆಯಲು ಬರಿಯ ಗುಪ್ತಪದವನ್ನು ನಂಬದೆ, ಸಿಬ್ಬಂದಿಯ ಬೆರಳಚ್ಚನ್ನು ಗೊತ್ತುಪಡಿಸಿದರು. ಪದವಾದರೆ ಇನ್ನೊಬ್ಬರಿಗೆ ಹೇಳಿಕೊಟ್ಟು, ಮುಂದೆ ‘ನಾನು ಮಾಡಿಲ್ಲ’ ಎನ್ನಬಹುದು. ಬೆರಳನ್ನು ಎರವಲು ಕೊಡಲಾಗದು. ಉತಾರದಲ್ಲಿ ಒಂದು ಹೆಸರು ಬದಲಾದರೆ ಒಂದು ಮನೆಯ ಅನ್ನವೇ ಹೋಗುವದಾದುದರಿಂದ ಈ ಎಚ್ಚರವು ಯೋಗ್ಯವೇ ಸರಿ. ಆದರೂ ಇದು ಪೂರ್ಣವಲ್ಲ. ದುಡಿದು ಗೆರೆ ಸವೆದ ಬೆರಳನ್ನು ಯಂತ್ರವು ಒಲ್ಲೆನ್ನುವದುಂಟು. ಮೇಲಾಗಿ, ಕದ್ದುಹೋದ ಪದವನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಇನ್ನು ಮನೆಯ ಗಣಕದ ಮಾತು. ಇಲ್ಲಿ ಕೀಲಿಗಳು ಎರಡು ತರದವು. ಯಂತ್ರವನ್ನು ಹಚ್ಚಿದೊಡನೆ ಕೇಳುವ ಪದವು ಬರಿ ತಲೆಬಾಗಿಲಿನ ಅಗಳಿ. ಗೂಢಲಿಪಿಯ ರಕ್ಷಣೆಯಿಲ್ಲದಿದ್ದರೆ, ಒಳಗಿನ ಹಾರ್ಡ್‌ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಎಲ್ಲವನ್ನೂ ಓದಬಹುದು. ಬರಹವನ್ನೇ ಗೂಢಲಿಪಿಗೆ ತಿರುಗಿಸುವದು ಎರಡನೆಯ ತರದ್ದು. ಪದವು ಬಲವಾಗಿದ್ದರೆ ಅದನ್ನು ಮುರಿಯುವ ಕಮ್ಮಾರನು ಸಿಕ್ಕುವದಿಲ್ಲ.

ಸಿಂದಗಿಯ ಕಡೆಯ ನನ್ನ ಹಿರಿಯ ಮಿತ್ರರೊಬ್ಬರು ಅನೇಕ ವರ್ಷ ಕೂಡಿಹಾಕಿದ ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಇಂಥ ಎರಡನೆಯ ಕೀಲಿಯೊಳಗಿಟ್ಟು, ಯಾರಿಗೂ ಪದವನ್ನು ಹೇಳದೆ ತೀರಿಕೊಂಡರು. ಅವರ ಮಡದಿಯು ಮಕ್ಕಳ ಹೆಸರು, ಮನೆದೇವರ ಹೆಸರು, ಲಗ್ನದ ತಾರೀಖು ಎಲ್ಲವನ್ನೂ ಹಾಕಿ ನೋಡಿದರು, ತೆರೆಯಲಿಲ್ಲ. ‘ಕಳ್ಳರಿಗೇನ ಅದು ಬೇಕಾಗಿತ್ರೀ, ಮಾಸ್ತರ? ನಮಗ ಬೇಕಾಗಿತ್ತು’ ಎಂದು ಅವರು ಅಂದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೃಪಣನು ಹೂಳಿದ ಹೊನ್ನು ಎಂದಾದರೊಮ್ಮೆ ನೇಗಿಲಿಗಾದರೂ ತಾಗೀತು. ಈ ನುಡಿಗಳು ಯಾರ ನೇಗಿಲಿಗೂ ತಾಗವು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಗುಪ್ತಪದವು ಉದ್ದವಾಗಿರಲಿ, ಮನೆಯವರ ಹೆಸರಾಗದಿರಲಿ, ಒಂದೆಡೆಯದು ಇನ್ನೊಂದೆಡೆಗೆ ಬೇಡ. ಆದರೆ ಅದನ್ನು ಒಂದು ಚೀಟಿಯಲ್ಲಿ ಬರೆದು, ಹೊಲಮನೆಗಳ ಕಾಗದಗಳೊಡನೆ ಪೆಟ್ಟಿಗೆಯಲ್ಲಿಡಿರಿ. ಆ ಪೆಟ್ಟಿಗೆಯ ಕೀಲಿಕೈ ಇರುವ ತಾಣವು ನಿಮ್ಮ ಹೊರತು ಇನ್ನೊಬ್ಬ ನಂಬಿಗಸ್ತರಿಗೂ ತಿಳಿದಿರಲಿ.